ಬಿದ್ದ ಮರ ಯಾರದು?

ನಿಂತ ಮರಕ್ಕೆ ಒಬ್ಬನೇ ಯಜಮಾನ. ಬಿದ್ದ ಮರಕ್ಕೆ ಊರೆಲ್ಲ ಯಜಮಾನರು. ಮುಂಗಾರಿಗೆ ಮುಂಚಿನ ಬಿರುಗಾಳಿ ಬೀಸಿಹೋದ ಮರುದಿನ ಬೆಂಗಳೂರಿನ ಯಾವುದಾದರೊಂದು ಹಳೆಯ ಬಡಾವಣೆಯಲ್ಲಿ ಸುತ್ತು ಹಾಕಿ ಬಂದವರಿಗೆ ಈ ಮಾತಿನ ನಿಜ ತಿಳಿಯುತ್ತದೆ. ನಿನ್ನೆಯವರೆಗೂ ಆ ಮರದ ಹೆಸರೇನೆಂದು ಕೇಳದಿದ್ದವರು ಇಂದು ಅದರ ಸುತ್ತ ನೆರೆದಿರುತ್ತಾರೆ. ಕಾರು ಜಖಂ ಆದವನಿಗೆ ಪರಿಹಾರದ ಚಿಂತೆ, ಲೈನ್‌ಮನ್ನನಿಗೆ ತಂತಿಯ ಚಿಂತೆ, ಆಫೀಸಿಗೆ ಹೊರಟವನಿಗೆ ದಾರಿಯ ಚಿಂತೆ. ಅಷ್ಟರಲ್ಲಿ ಸರಪಳಿ ಗರಗಸ ಬರುತ್ತದೆ. ಅರವತ್ತು ವರ್ಷ ಬೆಳೆದ ಮರ ಎರಡು ಗಂಟೆಯಲ್ಲಿ ಎರಡೆರಡು ಅಡಿಯ ತುಂಡುಗಳಾಗಿ ಲಾರಿ ಏರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಉಳಿಯುವುದು ಹಸಿ ಹೊಟ್ಟಿನ ವಾಸನೆ ಮತ್ತು ಅದುವರೆಗೆ ಆ ಬೀದಿ ಕಂಡಿರದಷ್ಟು ಆಕಾಶ. 2024ರ ಜೂನ್ 2ರಂದು ಒಂದೇ ದಿನದಲ್ಲಿ 111 ಮಿಲಿಮೀಟರ್ ಮಳೆ ಸುರಿದಾಗ ನಗರದ ಎಷ್ಟೋ ಬೀದಿಗಳು ಈ ದೃಶ್ಯವನ್ನು ಕಂಡುವು. ಬಿದ್ದವರಿಗೆ ಆಳಿಗೊಂದು ಕಲ್ಲು ಎಂದು ಗಾದೆ. ಮರದ ಪಾಲಿಗೆ ಅದು ಆಳಿಗೊಂದು ಕೊಡಲಿ.

ಹೀಗೆ ತುಂಡಾದ ಮರದ ಬಹುಪಾಲು ಒಲೆ ಸೇರುತ್ತದೆ. ಎರಡಡಿಯ ತುಂಡಿನಿಂದ ಸೌದೆಯಲ್ಲದೆ ಬೇರೇನೂ ಆಗಲಾರದಷ್ಟೆ. ಅದೇ ಬೀದಿಯಲ್ಲಿ ಮನೆ ಕಟ್ಟಿಸುತ್ತಿರುವವನು ಬಾಗಿಲಿಗೆಂದು ಹೊರದೇಶದಿಂದ ಹಡಗಿನಲ್ಲಿ ಬಂದ ಮರವನ್ನು ಘನ ಅಡಿಗೆ ಇಷ್ಟೆಂದು ಕೊಳ್ಳುತ್ತಿರುತ್ತಾನೆ. ಈ ವಿಪರ್ಯಾಸ ಕೆಲವರ ಮನಸ್ಸನ್ನು ಚುಚ್ಚಿದೆ. ಹಿತ್ತಲಲ್ಲಿ ಬಿದ್ದ ಹಲಸನ್ನೋ ಬೇವನ್ನೋ ಸೌದೆಗೆ ಕೊಡದೆ, ಮನೆಯಂಗಳದಲ್ಲಿಯೇ ಹಲಗೆ ಕೊಯ್ಯಿಸಿ ಇಟ್ಟುಕೊಳ್ಳುವವರು ಈಗ ನಮ್ಮ ನಡುವೆ ಅಲ್ಲಲ್ಲಿ ಕಾಣುತ್ತಾರೆ. ಅವರು ಶ್ರೀಮಂತರಲ್ಲ, ಕೈ ಹಿಡಿದು ಖರ್ಚು ಮಾಡುವ ನಮ್ಮಂಥವರೇ. ಇದು ಬರಿಯ ಮಿತವ್ಯಯವೋ, ಮರಕ್ಕೆ ಸಲ್ಲಿಸುವ ಗೌರವವೋ, ಅಥವಾ ನಮ್ಮ ಆಸೆಗೆ ನಾವೇ ಇಟ್ಟುಕೊಂಡ ಒಳ್ಳೆಯ ಹೆಸರೋ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಮೊದಲು ಕೆಲಸದ ಬಗೆಯನ್ನು ನೋಡೋಣ. ಆರಡಿ ಸುತ್ತಳತೆಯ, ಎಂಟಡಿ ಉದ್ದದ ಹಸಿ ದಿಮ್ಮಿ ಅರ್ಧ ಟನ್ನಿಗೂ ಮೀರಿ ತೂಗುತ್ತದೆ. ಅದನ್ನು ಸಾಮಿಲ್ಲಿಗೆ ಸಾಗಿಸಬೇಕಾದರೆ ಆಳು ಬೇಕು, ಲಾರಿ ಬೇಕು, ಎಷ್ಟೋ ಜಾತಿಯ ಮರಗಳಿಗೆ ಅರಣ್ಯ ಇಲಾಖೆಯ ರಹದಾರಿ ಬೇಕು. ಒಂದೇ ದಿಮ್ಮಿಯಾದರೆ ಸಾಗಣೆಯ ಖರ್ಚೇ ಮರದ ಬೆಲೆಯನ್ನು ನುಂಗಿಬಿಡುತ್ತದೆ. ಆದ್ದರಿಂದ ದಿಮ್ಮಿಯನ್ನು ಗರಗಸದ ಬಳಿಗೆ ಒಯ್ಯದೆ ಗರಗಸವನ್ನೇ ದಿಮ್ಮಿಯ ಬಳಿಗೆ ತರುತ್ತಾರೆ. ಸರಪಳಿ ಗರಗಸಕ್ಕೆ ಲೋಹದ ಚೌಕಟ್ಟೊಂದನ್ನು ಬಿಗಿದು, ದಿಮ್ಮಿಯ ಮೇಲೆ ನೇರವಾದ ಏಣಿಯನ್ನು ಕಟ್ಟಿ, ಅದರ ಮೇಲೆ ಚೌಕಟ್ಟನ್ನು ಜಾರಿಸುತ್ತ ಮೊದಲ ಬಾರಿ ಕೊಯ್ಯುತ್ತಾರೆ. ಏಣಿಯ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಕೊಯ್ದ ಮುಖವೇ ಮುಂದಿನ ಹಲಗೆಗೆ ದಾರಿ. ಹಿಂದೆ ನಮ್ಮಲ್ಲಿ ಇದೇ ಕೆಲಸವನ್ನು ಉದ್ದ ಗರಗಸದಿಂದ ಇಬ್ಬರು ಸೇರಿ ಮಾಡುತ್ತಿದ್ದರು. ದಿಮ್ಮಿಯ ಮೇಲೆ ಒಬ್ಬ, ಗುಂಡಿಯಲ್ಲಿ ಒಬ್ಬ. ಮೇಲಿನವನಿಗೆ ಗೆರೆ ಕಾಣುತ್ತಿತ್ತು. ಕೆಳಗಿನವನ ಕಣ್ಣಿಗೆ ಹೊಟ್ಟು ಬೀಳುತ್ತಿತ್ತು. ಹಲಗೆ ಮಾತ್ರ ಇಬ್ಬರ ತೋಳಿನಿಂದಲೂ ಬರುತ್ತಿತ್ತು.

ಇನ್ನು ಲೆಕ್ಕ. ಮರದ ವ್ಯಾಪಾರಿಗಳು ದಿಮ್ಮಿಯನ್ನು ಅಳೆಯುವ ಹಳೆಯ ಸೂತ್ರವೊಂದಿದೆ: ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುವುದು. ನಮ್ಮ ದಿಮ್ಮಿಗೆ ಹಾಗೆ ಲೆಕ್ಕ ಹಾಕಿದರೆ 18 ಘನ ಅಡಿ ಬರುತ್ತದೆ. ರೇಖಾಗಣಿತದ ಪ್ರಕಾರ ಅದರಲ್ಲಿ ಸುಮಾರು 23 ಘನ ಅಡಿ ಮರವಿರುತ್ತದೆ. ಎಂದರೆ ಐದರಲ್ಲಿ ಒಂದು ಪಾಲು ಸಿಪ್ಪೆಗೂ ಹೊಟ್ಟಿಗೂ ಹೋಗುತ್ತದೆಂದು ವ್ಯಾಪಾರ ಮೊದಲೇ ಒಪ್ಪಿಕೊಂಡಿದೆ. ಮನೆಯಂಗಳದ ಕೊಯ್ತದಲ್ಲಿ ನಷ್ಟ ಇನ್ನೂ ಹೆಚ್ಚು. ಸರಪಳಿ ಗರಗಸದ ಬಾಯಿ ದೊಡ್ಡದು. ಒಂದೊಂದು ಸಲ ಹಾಯ್ದಾಗಲೂ ಅಂಗುಲದ ಮೂರನೆಯ ಒಂದು ಪಾಲು ಪುಡಿಯಾಗುತ್ತದೆ. ಅಂಗುಲ ದಪ್ಪದ ಮೂರು ಹಲಗೆ ಕೊಯ್ಯುವಷ್ಟರಲ್ಲಿ ನಾಲ್ಕನೆಯದು ಹೊಟ್ಟಾಗಿ ಕಾಲ ಬುಡದಲ್ಲಿ ಬಿದ್ದಿರುತ್ತದೆ. ಪಟ್ಟಿ ಗರಗಸವಿರುವ ಸಾಮಿಲ್ಲಿನಲ್ಲಾದರೆ ಹತ್ತು ಹಲಗೆಗೆ ಒಂದು ಹಲಗೆಯ ನಷ್ಟ. ಅಗ್ಗದ ದಾರಿಯಲ್ಲಿ ಹಣ ಉಳಿಯುತ್ತದೆ, ಮರ ಸೋರಿಹೋಗುತ್ತದೆ.

ಅದೂ ಹೋಗಲಿ, ದೊಡ್ಡ ಬೆಲೆ ಕಾಲದ್ದು. ಹಸಿ ಹಲಗೆಯಲ್ಲಿ ನೀರು ತುಂಬಿರುತ್ತದೆ. ಅದು ಆರಬೇಕು, ನಿಧಾನವಾಗಿ ಆರಬೇಕು. ತುದಿಗಳಿಂದ ನೀರು ಬೇಗ ಹೋಗಿ ಸೀಳು ಬಿಡದಂತೆ ಅಲ್ಲಿ ಬಣ್ಣವನ್ನೋ ಮೇಣವನ್ನೋ ಬಳಿಯಬೇಕು. ಹಲಗೆಗಳ ನಡುವೆ ಒಂದೇ ದಪ್ಪದ ಅಡ್ಡಪಟ್ಟಿಗಳನ್ನಿಟ್ಟು, ನೆಲದಿಂದ ಎತ್ತರದಲ್ಲಿ, ಬಿಸಿಲು ಮಳೆ ತಾಗದ ಗಾಳಿಯಾಡುವ ಕಡೆ ಪೇರಿಸಿ, ಮೇಲೆ ಭಾರ ಹೇರಬೇಕು. ಗೆದ್ದಲಿಗೂ ಕೊರೆಯುವ ಹುಳುವಿಗೂ ಮದ್ದು ಮಾಡಬೇಕು. ಇಷ್ಟೆಲ್ಲ ಮಾಡಿ, ಅಂಗುಲ ದಪ್ಪಕ್ಕೆ ಒಂದು ವರ್ಷದಂತೆ ಕಾಯಬೇಕೆಂಬುದು ಬಡಗಿಗಳ ಸ್ಥೂಲವಾದ ಲೆಕ್ಕ. ಮರವನ್ನು ಹದಗೊಳಿಸುವ ವಿದ್ಯೆ ಈಗ ದೊಡ್ಡ ಶಾಸ್ತ್ರವೇ ಆಗಿದೆ. ಮಲ್ಲೇಶ್ವರದಲ್ಲಿರುವ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಮೂಲ 1938ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಅರಣ್ಯ ಸಂಶೋಧನಾಲಯ. ಶಾಸ್ತ್ರ ಎಷ್ಟೇ ಬೆಳೆದಿದ್ದರೂ ಕುಲುಮೆಯಿಲ್ಲದ ಬಡ ಗೃಹಸ್ಥನಿಗೆ ಉಳಿದ ಉಪಾಯ ಒಂದೇ: ಕಾಯುವುದು.

ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟರೊಬ್ಬರ ಹಿತ್ತಲಲ್ಲಿ ಹಲಸಿನ ಮರ ಬಿದ್ದಾಗ ಈ ಕಾಯುವಿಕೆಯ ಪಾಠವನ್ನು ನಾನು ಹತ್ತಿರದಿಂದ ಕಂಡೆ. ಕೊಯ್ಯುವಾಗ ಗರಗಸ ಒಮ್ಮೆ ಕಿರುಚಿ ನಿಂತಿತು. ಅವರ ತಾಯಿ ಬಟ್ಟೆ ಒಣಹಾಕಲು ಎಂದೋ ಹೊಡೆಸಿದ್ದ ಮೊಳೆಯನ್ನು ಮರ ನುಂಗಿ ಒಳಗಿಟ್ಟುಕೊಂಡಿತ್ತು. ಹಲಗೆ ಬಂದುವು, ಹೊಸ ಅರಿಸಿನದ ಬಣ್ಣ. ಮೇಷ್ಟರಿಗೆ ತಡೆಯಲಿಲ್ಲ. ವಾರದೊಳಗೆ ಬಡಗಿಯನ್ನು ಕರೆಸಿ, "ಆಚಾರ್ರೇ, ಒಂದು ಬಾಗಿಲು ಮಾಡಿಕೊಡಿ" ಎಂದರು. ಮುದುಕ ಹಲಗೆಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಕೆಳಗಿಟ್ಟ. "ಮರ ಇನ್ನೂ ಹಸಿ ಐತೆ ಮೇಷ್ಟ್ರೇ. ನೀವು ಹೇಳ್ದಂಗೆ ಮಾಡ್ಕೊಟ್ರೆ ಇವತ್ತು ಬಾಗ್ಲು, ನಾಳಿಕ್ಕೆ ಬಿಲ್ಲು. ಅದು ನೀರು ಬುಡೋಗಂಟ ನಾನೂ ಕಾಯ್ತೀನಿ, ನೀವೂ ಕಾಯ್ಬೇಕು" ಎಂದ. ಎರಡು ವರ್ಷ ಹಲಗೆಗಳು ಅವರ ಪಡಸಾಲೆಯನ್ನು ಆಕ್ರಮಿಸಿಕೊಂಡಿದ್ದುವು. ಮನೆಯಾಕೆ ಅವುಗಳನ್ನು ದಾಟಿ ದಾಟಿ ಓಡಾಡಿದರು. ಅಷ್ಟರಲ್ಲಿ ಅರಿಸಿನದ ಬಣ್ಣ ಜೇನಿನ ಬಣ್ಣಕ್ಕೆ ತಿರುಗಿತ್ತು.

ಇದನ್ನು ಮಿತವ್ಯಯ ಎನ್ನೋಣವೆ? ಗರಗಸದವನ ಕೂಲಿ, ಎಣ್ಣೆ, ಎರಡು ವರ್ಷದ ಜಾಗ, ಮನೆಯಾಕೆಯ ತಾಳ್ಮೆ ಇಷ್ಟನ್ನೂ ಬರೆದಿಟ್ಟರೆ ಪೇಟೆಯ ಬಾಗಿಲಿಗಿಂತ ಇದು ಬಹಳ ಸೋವಿಯೇನಲ್ಲ. ಜಿಪುಣ ಈ ಕೆಲಸಕ್ಕೆ ಕೈಹಾಕಲಾರ. ಅವನಿಗೆ ಲಾಭ ಈ ತಿಂಗಳಿನಲ್ಲಿಯೇ ಕಾಣಬೇಕು. ಜಿಪುಣನೂ ಮಿತವ್ಯಯಿಯೂ ಒಂದೇ ಬಗೆಯಾಗಿ ಕಾಸನ್ನು ಬಿಗಿಹಿಡಿಯುತ್ತಾರಾದರೂ ಅವರ ಮನಸ್ಸು ಬೇರೆ. ಜಿಪುಣನಿಗೆ ತನ್ನ ಹಣ ಪೋಲಾಗಬಾರದು. ಮಿತವ್ಯಯಿಗೆ ವಸ್ತು ಪೋಲಾಗಬಾರದು, ಅದು ಯಾರದೇ ಆಗಿರಲಿ. ಬೀದಿಯ ನಲ್ಲಿ ಸೋರುತ್ತಿದ್ದರೆ ನಿಂತು ತಿರುಗಿಸಿ ಹೋಗುವವನು ಎರಡನೆಯವನು. ಬಿದ್ದ ಮರವನ್ನು ಕಂಡು ಸಂಕಟಪಡುವುದೂ ಅದೇ ಮನಸ್ಸು.

ಹಾಗಾದರೆ ಸತ್ತ ಮರಕ್ಕೆ ನಾವು ತೋರಿಸಬಹುದಾದ ಗೌರವ ಯಾವುದು? ಜಾರ್ಜ್ ನಕಾಶಿಮಾ ಎಂಬ ಜಪಾನೀ ಮೂಲದ ಅಮೆರಿಕನ್ ಶಿಲ್ಪಿ ಈ ಪ್ರಶ್ನೆಗೆ ತನ್ನ ಬಾಳನ್ನೇ ಉತ್ತರವಾಗಿ ಕೊಟ್ಟ. 1905ರಲ್ಲಿ ಹುಟ್ಟಿದ ಈತ 1930ರ ದಶಕದ ಕೊನೆಯಲ್ಲಿ ಪಾಂಡಿಚೇರಿಗೆ ಬಂದು, ಅರವಿಂದಾಶ್ರಮದ ಗೋಲ್ಕೊಂಡ ಭವನದ ನಿರ್ಮಾಣದಲ್ಲಿ ದುಡಿದು, ಆಶ್ರಮದ ಶಿಷ್ಯನಾಗಿ ಸುಂದರಾನಂದ ಎಂಬ ಹೆಸರು ಪಡೆದ. ಯುದ್ಧ ಬಂತು. 1942ರಲ್ಲಿ ಅಮೆರಿಕದ ಸರ್ಕಾರ ಜಪಾನೀ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ ಅವನನ್ನೂ ಕೂಡಿಹಾಕಿತು. ಅಲ್ಲಿ ಹಿರಿಯ ಬಡಗಿಯೊಬ್ಬನ ಕೈಕೆಳಗೆ ಸಿಕ್ಕಿದ ಚೂರುಪಾರು ಮರದಲ್ಲಿ ಕೆಲಸ ಕಲಿತ. ಮುಂದೆ, ಸೀಳಿದೆ, ಗಂಟಿದೆ, ಸೊಟ್ಟಗಿದೆ ಎಂದು ವ್ಯಾಪಾರಿಗಳು ತಳ್ಳಿದ ಮರಗಳನ್ನೇ ಅವನು ಆರಿಸಿಕೊಂಡ. ಸೀಳನ್ನು ಮುಚ್ಚಲಿಲ್ಲ, ಅದು ಇನ್ನೂ ಹಿಗ್ಗದಂತೆ ಚಿಟ್ಟೆಯಾಕಾರದ ಬೆಣೆಯನ್ನು ಕೂರಿಸಿ ಎಲ್ಲರಿಗೂ ಕಾಣುವಂತೆ ಬಿಟ್ಟ. ಮರದ ಹೊರ ಅಂಚನ್ನು ನೇರ ಮಾಡದೆ ಅದು ಬೆಳೆದ ಹಾಗೆಯೇ ಉಳಿಸಿದ. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಇಲ್ಲಿಯೂ ಪೀಠೋಪಕರಣಗಳನ್ನು ರೂಪಿಸಿದ. ಮರಕ್ಕೆ ಎರಡನೆಯ ಬಾಳು ಕೊಡುವುದು ಬಡಗಿಯ ಧರ್ಮವೆಂದು ಅವನ ನಂಬಿಕೆ. ಸೆರೆಯಲ್ಲಿ ಚೂರು ಮರವನ್ನು ಕೈಗೆತ್ತಿಕೊಂಡವನಿಗೆ, ತಳ್ಳಲ್ಪಟ್ಟದ್ದರ ಬೆಲೆ ತಿಳಿದದ್ದು ಸಹಜವೇ.

ನಮ್ಮ ಭಾಷೆಗೂ ಈ ತಿಳಿವು ಇದೆ. ಮರದ ನಡುವಿನ ಗಟ್ಟಿ ತಿರುಳಿಗೆ ಕೆಚ್ಚು ಎನ್ನುತ್ತೇವೆ. ಧೈರ್ಯಶಾಲಿಯನ್ನು ಕೆಚ್ಚೆದೆಯವನು ಎನ್ನುತ್ತೇವೆ. ಸಸ್ಯಶಾಸ್ತ್ರ ಹೇಳುವ ಮಾತು ಇನ್ನೂ ಸ್ವಾರಸ್ಯವಾಗಿದೆ. ನಿಂತು ಚಿಗುರುತ್ತಿರುವ ಮರದಲ್ಲಿಯೂ ಕೆಚ್ಚು ಎಂಬುದು ಸತ್ತ ಭಾಗ. ಬೇರಿನಿಂದ ನೀರೆತ್ತುವುದು ಹೊರಗಿನ ಬಿಳಿಯ ಪದರ. ಅದು ಮುದಿಯಾಗಿ, ಕೆಲಸ ನಿಲ್ಲಿಸಿ, ಒಳಗೆ ಸರಿದು ಗಟ್ಟಿಯಾದಾಗ ಕೆಚ್ಚಾಗುತ್ತದೆ. ಮರ ತನ್ನಲ್ಲಿ ಸತ್ತುಹೋದದ್ದನ್ನೇ ಆಧಾರ ಮಾಡಿಕೊಂಡು ನೆಟ್ಟಗೆ ನಿಲ್ಲುತ್ತದೆ. ಅಂದಮೇಲೆ ಬಾಗಿಲಾದ ಹಲಗೆ ಮರ ಬದುಕಿದ್ದಾಗ ಮಾಡುತ್ತಿದ್ದ ಕೆಲಸವನ್ನೇ ಮುಂದುವರಿಸುತ್ತದೆ: ಹೊರುವುದು, ತಡೆಯುವುದು, ನಿಲ್ಲುವುದು. ಇನ್ನೊಂದು ಲೆಕ್ಕವೂ ಉಂಟು. ಒಣಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಸುಟ್ಟರೆ ಅದು ಅಂದೇ ಗಾಳಿ ಸೇರುತ್ತದೆ; ಬಾಗಿಲಾದರೆ ಮೊಮ್ಮಕ್ಕಳ ಕಾಲದವರೆಗೂ ಮನೆಯಲ್ಲಿರುತ್ತದೆ.

ಇಲ್ಲಿಗೆ ಮಾತು ಮುಗಿಯಿತು, ಹಲಗೆಯೇ ಧರ್ಮ, ಸೌದೆಯೇ ಅಧರ್ಮ ಎಂದು ತೀರ್ಪು ಕೊಟ್ಟುಬಿಡಬಹುದು. ಆದರೆ ಮಾತು ಅಷ್ಟು ಸುಲಭವಲ್ಲ. ಮೇಷ್ಟರ ಹಿತ್ತಲಿಗೆ ಗರಗಸಕ್ಕಿಂತ ಮುಂಚೆ ಬಂದವಳು ಹಿಂದಿನ ಬೀದಿಯ ಒಬ್ಬ ಮುದುಕಿ. "ಕೊಂಬೆ ರೆಂಬೆ ನಂಗ್ ಬುಡಿ ಸ್ವಾಮಿ, ದಿಮ್ಮಿ ನೀವಿಟ್ಕಳಿ" ಎಂದಳು. ಅವಳ ಮನೆಯಲ್ಲಿ ಗ್ಯಾಸ್ ಇಲ್ಲವೆಂದಲ್ಲ. ಸಿಲಿಂಡರು ಅಡಿಗೆಗೆ, ಹಂಡೆಯ ನೀರಿಗೆ ಸೌದೆ. ಬಿದ್ದ ಮರದ ಮೇಲೆ ಬಡವರಿಗೆ ಒಂದು ಪಾಲುಂಟೆಂಬುದು ಯಾವ ಕಾಗದದಲ್ಲಿ ಬರೆದಿರದಿದ್ದರೂ ನಮ್ಮ ಹಳ್ಳಿಗಳಲ್ಲಿ ನಡೆದುಬಂದ ವಾಡಿಕೆ. ಓದಿದವನಿಗೆ ಮರದ ಮೇಲೆ ಪ್ರೀತಿ ಹುಟ್ಟಿ, ಅವನು ಕೊಂಬೆಯನ್ನೂ ಬಿಡದೆ ಚಮಚ ಸೌಟು ಕೆತ್ತಲು ಕುಳಿತರೆ, ಆ ಪ್ರೀತಿಯ ಖರ್ಚು ಮುದುಕಿಯ ಹಂಡೆಯ ಮೇಲೆ ಬೀಳುತ್ತದೆ. ಅವಳ ಒಲೆಗೆ ಹೋದ ಸೌದೆಯನ್ನು ಪೋಲು ಎನ್ನುವ ಅಧಿಕಾರ ನಮಗಿಲ್ಲ. ದಿಮ್ಮಿಯನ್ನು ಒಲೆಗೆ ಹಾಕುವುದು ಹೇಗೆ ಅವಿವೇಕವೋ ಹಾಗೆ ರೆಂಬೆಯನ್ನು ಬಿಟ್ಟುಕೊಡದಿರುವುದು ಲೋಭ.

ಕಾಡಿನ ಮಾತು ಬೇರೆ. ಪಶ್ಚಿಮ ಘಟ್ಟದಲ್ಲಿ ಬಿದ್ದ ಮರಕ್ಕೆ ಅಣಬೆ, ಜೀರುಂಡೆ, ಗೆದ್ದಲು, ಅವನ್ನು ಹುಡುಕಿ ಬರುವ ಮರಕುಟಿಗ ಇವೆಲ್ಲ ವಾರಸುದಾರರು. ಅಲ್ಲಿ ಮರ ಬಿದ್ದಲ್ಲಿಯೇ ಕರಗಿ ಮುಂದಿನ ಸಸಿಗೆ ಮಣ್ಣಾಗುತ್ತದೆ. ಅದನ್ನು ವ್ಯರ್ಥವೆಂದು ಕಂಡು ಹೊತ್ತು ತರುವುದು ಉದ್ಧಾರವಾಗಲಾರದು. ಮರದ ಅಡಿಯಲ್ಲಿ ಮಣ್ಣೇ ಇಲ್ಲದ ಊರಿನಲ್ಲಿ, ಡಾಂಬರಿನ ಮೇಲೆ ಬಿದ್ದ ಮರಕ್ಕೆ ಮಾತ್ರ ನಾವು ವಾರಸುದಾರರಾಗುತ್ತೇವೆ.

ಇನ್ನು ಎಲ್ಲಕ್ಕಿಂತ ಕಠಿನವಾದ ಸಂದೇಹ. ಬಿದ್ದ ಮರದಿಂದ ಲಾಭವಿದೆಯೆಂದು ಒಮ್ಮೆ ತಿಳಿದ ಕಣ್ಣು ನಿಂತ ಮರವನ್ನು ಮೊದಲಿನಂತೆ ನೋಡೀತೆ? ಹಲಸಿನ ಬುಡವನ್ನು ಕಂಡು ನೆರಳು ನೆನೆಯುತ್ತಿದ್ದವನು ಘನ ಅಡಿ ಎಣಿಸತೊಡಗಿದರೆ, ಮಳೆಗಾಲದಲ್ಲಿ ಅದು ಸ್ವಲ್ಪ ವಾಲಿದಾಗ ಅವನ ಮನಸ್ಸಿನ ಯಾವುದೋ ಮೂಲೆಯಲ್ಲಿ ಸಂತೋಷದ ಎಳೆಯೊಂದು ಮಿಂಚಿದರೆ? ಒಡೆತನವೂ ಬೆಲೆಯೂ ಮರದ ಆಯುಸ್ಸನ್ನು ಹೇಗೆ ತಿರುಗಿಸುತ್ತವೆ ಎಂಬುದಕ್ಕೆ ನಮ್ಮ ನಾಡಿನ ಗಂಧದ ಮರವೇ ಸಾಕ್ಷಿ. ಟಿಪ್ಪುವಿನ ಕಾಲದಿಂದ ಅದು ರಾಜವೃಕ್ಷ. ರೈತನ ಹೊಲದಲ್ಲಿ ಹುಟ್ಟಿದರೂ ಸರ್ಕಾರದ ಸೊತ್ತು. ತನ್ನದಲ್ಲದ, ಕಳುವಾದರೆ ತನಗೇ ತೊಂದರೆ ತರುವ ಸಸಿಯನ್ನು ರೈತ ಏಕೆ ಬೆಳೆಸಿಯಾನು? 2001ರ ತಿದ್ದುಪಡಿಯಲ್ಲಿ ನೆಲದ ಒಡೆಯನೇ ಮರದ ಒಡೆಯನೆಂದಾಯಿತು. ಆಗ ನೆಡುವವರೂ ಹುಟ್ಟಿಕೊಂಡರು, ಕದಿಯುವವರಂತೂ ಮೊದಲಿನಿಂದಲೂ ಇದ್ದರು. ಆಸೆ ಮರವನ್ನು ಬೆಳೆಸುವುದೂ ಉಂಟು, ಕಡಿಸುವುದೂ ಉಂಟು.

ಕಾನೂನು ಈ ಆಸೆಗೆ ಬೇಲಿ ಹಾಕಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ಹಿತ್ತಲಿನ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಸತ್ತ, ರೋಗ ಹಿಡಿದ, ಗಾಳಿಗೆ ಬಿದ್ದ ಮರಗಳಿಗೆ ಅನುಮತಿಯನ್ನು ನಿರಾಕರಿಸಬಾರದೆಂದೂ ಅಲ್ಲಿಯೇ ಇದೆ. ಬೀದಿಯ ಮರ ನಗರದ ಸೊತ್ತು. ಅದು ಹರಾಜಿಗೆ ಹೋಗತಕ್ಕದ್ದು. ಮಾರುವುದಕ್ಕೆಂದು ಕೊಯ್ಯಲು ಪರವಾನಗಿ ಬೇಕು. ಹೊಸ ಸಾಮಿಲ್ಲುಗಳಿಗೆ 2002ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಕಡಿವಾಣ ಹಾಕಿತು. ಈ ನಿಯಮಗಳಿಂದ ಸಾಧುವಿಗೂ ಅಲೆದಾಟ ತಪ್ಪದು. ಆದರೂ ಕಾನೂನು ಕೇಳಬಲ್ಲದ್ದು ಒಂದೇ ಪ್ರಶ್ನೆ: ಮರ ಬಿತ್ತೆ, ಕಡಿದೆಯಾ? ಅದರಾಚೆಯ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು.

ಕನ್ನಡ ಮೇಷ್ಟರಾದವರಿಗೆ ಇಲ್ಲಿ ಒಂದು ವ್ಯಾಕರಣದ ಮಾತು ಹೊಳೆಯದಿರದು. 'ಬೀಳು' ಎಂಬುದು ಅಕರ್ಮಕ ಧಾತು, 'ಬೀಳಿಸು' ಎಂಬುದು ಸಕರ್ಮಕ. "ಮರ ಬಿತ್ತು" ಎಂದಾಗ ಮಾಡಿದವನು ಯಾರೂ ಇರುವುದಿಲ್ಲ; ಮರವೇ ಕರ್ತೃ. ಆದರೆ ಚರಂಡಿ ತೋಡುವಾಗ ಒಂದು ಕಡೆಯ ಬೇರುಗಳನ್ನೆಲ್ಲ ಕತ್ತರಿಸಿ, ಬುಡದವರೆಗೂ ಕಾಂಕ್ರೀಟು ಸುರಿದು, ಅಂದಕ್ಕೆಂದೋ ತಂತಿಗೆಂದೋ ಒಂದೇ ಪಾರ್ಶ್ವದ ಕೊಂಬೆ ಕಡಿದು, ಕೊನೆಗೆ ಗಾಳಿ ಬಂದ ದಿನ ಅದು ಒರಗಿದರೆ, ಬಿದ್ದದ್ದೋ ಬೀಳಿಸಿದ್ದೋ? ಗಾಳಿ ಕೊನೆಯ ಕೈ ಮಾತ್ರ. ನಮ್ಮ ಊರುಗಳ ಎಷ್ಟೋ ಮರಗಳ ಮರಣವನ್ನು ಅಕರ್ಮಕದಲ್ಲಿ ಹೇಳಿ ನಾವು ಪಾರಾಗುತ್ತಿದ್ದೇವೆ. ಮನೆಗೆ ಕಾಂಪೌಂಡು ಕಟ್ಟುವಾಗ ಮರದ ಬೇರು ಕಡಿದವನು ಐದು ವರ್ಷದ ಮೇಲೆ ಅದೇ ಮರದ ಹಲಗೆಯಿಂದ ಊಟದ ಮೇಜು ಮಾಡಿಸಿ, ಮರಕ್ಕೆ ಮರುಜನ್ಮ ಕೊಟ್ಟೆನೆಂದು ಬೀಗಿದರೆ ಅದು ಉದ್ಧಾರವಲ್ಲ, ಉತ್ತರಾಧಿಕಾರಕ್ಕಾಗಿ ಕಾದುಕುಳಿತ ದಾಯಾದಿಯ ಶ್ರಾದ್ಧ.

ಆದ್ದರಿಂದ ಬಿದ್ದ ಮರ ಯಾರದು ಎಂಬ ಪ್ರಶ್ನೆಗೆ ನನಗೆ ತೋರುವ ಉತ್ತರ ಇಷ್ಟೆ: ಅದು ನಿಂತಿದ್ದರೇ ಚೆನ್ನಾಗಿತ್ತು ಎಂದು ನಿಜವಾಗಿ ಬಯಸುವವನದು. ಬೀಳುವ ಮುನ್ನ ಅದರ ಬುಡಕ್ಕೆ ಮಣ್ಣು ಬಿಟ್ಟವನು, ವಾಲಿದಾಗ ಊರೆ ಕೊಟ್ಟವನು, ಬಿದ್ದಾಗ ಮನೆಯಲ್ಲಿ ಏನೋ ಕಳೆದುಹೋದಂತೆ ಅಂಗಳಕ್ಕೆ ಬಂದು ನಿಂತವನು ಅದನ್ನು ಕೊಯ್ಯಿಸಲಿ. ಕೊಂಬೆಯನ್ನು ಕೇಳಿದವರಿಗೆ ಕೊಡಲಿ, ದಿಮ್ಮಿಯನ್ನು ಹಲಗೆ ಮಾಡಲಿ, ಹಲಗೆ ಆರುವವರೆಗೆ ಕಾಯಲಿ. ಆ ಕಾಯುವಿಕೆಯೇ ಅವನ ಪರೀಕ್ಷೆ. ಲೋಭಕ್ಕೆ ಅವಸರ, ಎರಡು ವರ್ಷ ಹಲಗೆಯ ಪಕ್ಕದಲ್ಲಿ ಸುಮ್ಮನೆ ಓಡಾಡುವ ತಾಳ್ಮೆ ಅದಕ್ಕಿರುವುದಿಲ್ಲ.

ಒಂದು ಋಣ ಮಾತ್ರ ಅವನಿಗೂ ಉಳಿಯುತ್ತದೆ. ಬೆಂಗಳೂರಿನ ಬೀದಿಗಳಲ್ಲಿ ಋತುವಿಗೊಂದು ಹೂ ಅರಳುವಂತೆ ಮರ ನೆಡಿಸಿದ ಜರ್ಮನಿಯ ಗುಸ್ತಾವ್ ಕ್ರುಂಬಿಗೆಲ್ 1956ರಲ್ಲಿ ತೀರಿಕೊಂಡ. ಅವನ ಕಾಲದ ಸಾಲುಮರಗಳ ನೆರಳಿನಲ್ಲಿ ಅವನಿಗಿಂತ ಹೆಚ್ಚು ಕಾಲ ನಡೆದವರು ನಾವು. ನೆರಳಿಗೆ ಯಾರೂ ನಮ್ಮಿಂದ ಬಾಡಿಗೆ ಕೇಳಲಿಲ್ಲ. ಬಾಗಿಲಾದ ಹಲಗೆ ಮನೆಯವರಿಗೆ ಸಲ್ಲುತ್ತದೆ. ಮರ ಕೊಟ್ಟ ನೆರಳಾದರೋ ಬೀದಿಯವರೆಲ್ಲರದಾಗಿತ್ತು. ಬಾಗಿಲನ್ನು ಕೂರಿಸಿದ ದಿನವೇ ಬುಡವಿದ್ದ ಜಾಗದಲ್ಲಿ ಸಸಿಯೊಂದನ್ನು ನೆಟ್ಟು, ಅದರ ಸುತ್ತ ನಾಲ್ಕಡಿ ಮಣ್ಣನ್ನು ಕಾಂಕ್ರೀಟಿನಿಂದ ಕಾಪಾಡಿದರೆ ಬೀದಿಯ ಪಾಲು ಬೀದಿಗೆ ಸಂದಂತಾಗುತ್ತದೆ. ಹಲಗೆಗಾಗಿ ಎರಡು ವರ್ಷ ಕಾಯಲು ಕಲಿತವನಿಗೆ ನೆರಳಿಗಾಗಿ ಇಪ್ಪತ್ತು ವರ್ಷ ಕಾಯುವುದು ತೀರ ಹೊಸ ಪಾಠವೇನೂ ಅಲ್ಲ.